ಅಪ್ಪನ ಮನಿ ತೊಲಿ

ನಾಗಪಂಚಮಿಯ ಮರುದಿನ ಜಮಖಂಡಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ ಅಕ್ಕ, ತಮ್ಮ ಕೂತಿದ್ದರು. ತವರಿನಿಂದ ಚಿಮ್ಮಡಕ್ಕೆ ಹೊರಟಿದ್ದ ಅಕ್ಕನ ಬಲಗೈಗೆ ಬಟ್ಟೆ ಸುತ್ತಿತ್ತು. ತಮ್ಮ ನೆಲ ನೋಡುತ್ತಿದ್ದ.

“ಕೈ ಭಾಳ ನೋಯಾಕತ್ತೈತೇನಬೇ ಅಕ್ಕಾ?”

“ಕೈ ಇರ್ಲಿ ಬಿಡೋ ಹೊಳೆಪ್ಪಾ. ಹೊಸ ಮನ್ಯಾಗಿನವು ಅಪ್ಪನ ಮನಿ ತೊಲಿ ಅಂತ ನೀನ ಹೇಳಿದ್ದೆಲ್ಲೋ? ಅದನ್ನ ನಂಬಿ ಜೋಕಾಲಿ ಕಟ್ಟಿದೆ. ಒಮ್ಮೆ ಜೀಕೂದ್ರಾಗ ತೊಲಿ ಕಿತ್ಕೊಂಡು ಬಿತ್ತು.”

“ಹಳೇ ಮನಿ ಕೆಡವಿದಾಗ ಆ ತೊಲಿ ಮಾರಿಬಿಟ್ಟೆ. ಆಮ್ಯಾಲ ಸ್ಲ್ಯಾಬಿನ ಮನಿ ಬೋಳಬೋಳ ಕಾಣಾಕತ್ತಿತು. ಪ್ಲೈವುಡ್ಡಿನ ಉದ್ದನ್ನ ಪೆಟ್ಟಿಗಿ ಮಾಡಿ, ಸ್ಟೋವಿನ ಉರಿಗೆ ಹಿಡದು ಕರ್ರಗ ಮಾಡಿ, ತೊಲಿ ಹಂಗ ನಾನ ಮ್ಯಾಲ ಬಡದೆ.”

“ಒಳಗ ಪೊಳ್ಳ?”

“ಪೊಳ್ಳ.”

“ಕಬ್ಬಿಣದ ಕೊಂಡಿ ಖರೇವ ಇದ್ದವಲ್ಲೋ. ಸಣ್ಣಾಕಿ ಇದ್ದಾಗ ಅವಕ್ಕ ಹಗ್ಗ ಕಟ್ಟಿ ಜೀಕೀನಿ.”

“ಕೊಂಡಿ ಅಷ್ಟ ಉಳಿಸ್ಕೊಂಡಿದ್ದೆ. ಶೋಕಿಗೆ ಹಚ್ಚಿದೆ.”

“ಓಣ್ಯಾನ ಹೆಣ್ಮಕ್ಕಳೆಲ್ಲಾ ನಿಂತಿದ್ರು. ‘ನಮ್ಮಪ್ಪನ ತೊಲಿ, ಇಬ್ಬರು ಕೂತ್ರೂ ಅಲಗಾಡಂಗಿಲ್ಲ’ ಅಂತ ಹೇಳೇ ಹತ್ತಿದ್ದೆ.”

ತಮ್ಮ ಟವೆಲಿನಿಂದ ಮುಖ ಒರೆಸಿಕೊಂಡ. ಬಸ್ ಬಂತು.

“ಚಿಮ್ಮಡದಾಗ ಮಾಮಾ ಕೇಳಿದ್ರ ಏನಂತಿ?”

“ಬಚ್ಚಲದಾಗ ಜಾರಿ ಬಿದ್ದೆ ಅಂತೀನಿ.”

“ತೊಲಿ?”

“ಅಪ್ಪನ ತೊಲಿ ಇನ್ನೂ ಗಟ್ಟಿ ಅದಾವ ಅಂತೀನಿ. ಬ್ಯಾರೆ ಏನ ಹೇಳ್ಲಿ?”

ಹಬ್ಬದ ಉಂಡಿ ಡಬ್ಬಿ ಇದ್ದ ಚೀಲಕ್ಕೆ ಅವನು ಕೈ ಹಾಕಿದ. ಅವಳು ಬಿಡಲಿಲ್ಲ. ಬಟ್ಟೆ ಸುತ್ತಿದ ಕೈಯಲ್ಲೇ ಅದನ್ನು ಹಿಡಿದುಕೊಂಡು ಬಸ್ ಹತ್ತಿದಳು.