ಸೋಪು ನೋಡುವ ಲಕ್ಷ್ಮಿ

ಮಾಲೂರಿನಲ್ಲಿ ಮಾಸ್ತಿಗೆ ಹೋಗುವ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸಿಗೆ ಕಾಯುತ್ತಿದ್ದ ಅಂಜಮ್ಮನ ಕಿವಿಯೆಲ್ಲ ಪಕ್ಕದ ಕಲ್ಲುಬೆಂಚಿನ ಮೇಲೇ ಇತ್ತು. ಅಲ್ಲಿದ್ದವರು ಶಿವಾರಪಟ್ಟಣದ ಶಿಲ್ಪಿಗಳ ಮನೆಯ ಅಜ್ಜಿ, ಕೋಲಾರದ ಹೈಸ್ಕೂಲಿನಲ್ಲಿ ಓದುವ ಮೊಮ್ಮಗ ಕಾಳಾಚಾರಿ. ಅವನು ಸೋಪಿನ ಕಂಪನಿಯ ಲಕ್ಷ್ಮಿ ಚಿತ್ರದ ಕ್ಯಾಲೆಂಡರು ಬಿಚ್ಚಿ ಹಿಡಿದಿದ್ದ.

“ಸೋಪು ಕೊಂಡ್ರೆ ಲಕ್ಷ್ಮಿ ಪುಕ್ಕಟೆ ಅಜ್ಜಿ! ತಾತ ಕೆತ್ತಿದ ಲಕ್ಷ್ಮಿ ಒಂದೇ ಗುಡೀಲಿರ್ತಾಳೆ. ಇವ್ಳು ಮನೆಮನೆಗೂ ಹೋಗ್ತಾಳೆ! ನಾನೂ ಇದನ್ನೇ ಬರೆಯೋದು ಕಲೀತೀನಿ.”

“ಚೆನ್ನಾಗವ್ಳೆ ಕಣೋ. ಕಣ್ಣು ತೆರೆಸಿದಾಗ ಎದುರಿಗೆ ಏನಿಟ್ಟಿದ್ರಂತೆ?”

“ಅಚ್ಚಿನ ಚಿತ್ರಕ್ಕೆ ಅದೆಲ್ಲಾ ಎಲ್ಲಿ?”

“ನಿಮ್ ತಾತ ಉಳಿ ಇಟ್ಟು ಕಣ್ಣು ತೆರೆಸೋವಾಗ ಎದುರಿಗೆ ಹಸು ನಿಲ್ಲಿಸ್ತಿದ್ರು, ಕನ್ನಡಿ ಹಿಡೀತಿದ್ರು. ಮೊದಲ ನೋಟ ಬಿದ್ದಿದ್ದು ಉದ್ಧಾರ ಆಗುತ್ತೆ. ಇವ್ಳು ಏನ್ ನೋಡ್ತವ್ಳೆ, ನೋಡು.”

ಅವನು ಬಗ್ಗಿ ನೋಡಿದ. “ಅಯ್ಯೋ! ಕೈಲಿರೋ ಸೋಪನ್ನೇ!”

“ಅದಕ್ಕೇ ಸೋಪಿನೋನು ಉದ್ಧಾರ ಆಗವ್ನೆ.”

ಕಾಳಾಚಾರಿ ಚಂಗನೆ ಎದ್ದ. “ನಾನು ಬರೆಯೋಳು ಎದುರಿಗೆ ನಿಂತೋರನ್ನೇ ನೋಡ್ತಾಳೆ ಅಜ್ಜಿ! ಯಾವ ಮನೆಗೆ ಹೋದ್ರೂ!”

ಅವರ ಬಸ್ಸು ಬಂತು, ಇಬ್ಬರೂ ಹತ್ತಿದರು.

ಅಂಜಮ್ಮನ ಮನೆಯಲ್ಲೂ ಅದೇ ಲಕ್ಷ್ಮಿ. ದಿನಾ ದೀಪ ಹಿಡಿದು ಎಷ್ಟು ಅತ್ತಿತ್ತ ಸರಿದು ನಿಂತರೂ ಆ ತಾಯಿ ಅವಳತ್ತ ಕಣ್ಣೆತ್ತಿರಲಿಲ್ಲ. ಹೊರಟ ಬಸ್ಸಿನ ಹಿಂದೆ ಓಡುತ್ತ ಅವಳು ಕೂಗಿದಳು: “ಬೇಗ ಬರಿಯಪ್ಪಾ!”