ವಿಮಾನದ ಮೂಗಿಗೆ ಹಚ್ಚಿದ ಗಂಧ

ಕಲ್ಲಿನ ವ್ಯಾಪಾರ ಮಾಡಿ ಮೇಲೆ ಬಂದ ಸಾಹುಕಾರನೊಬ್ಬ ಇದ್ದ. ಯಾವ ಊರು, ಏನು ಹೆಸರು ಎಂದು ಕೇಳಬೇಡಿ. ಹೆಸರು ಹೇಳಿದರೆ ನೀವು ಅವನನ್ನು ಹುಡುಕಿಕೊಂಡು ಹೋಗುತ್ತೀರಿ, ನಿಮ್ಮನ್ನು ಮರೆಯುತ್ತೀರಿ. ಅವನ ಹತ್ತಿರ ಒಂದು ವಿಮಾನವಿತ್ತು. ನಾಲ್ಕು ಸೀಟು, ಒಂದು ಎಂಜಿನ್, ತಲೆಯ ಮೇಲೆ ರೆಕ್ಕೆ.

ವಿಮಾನ ಇಟ್ಟುಕೊಂಡವನ ಕಥೆ ನಮಗೇಕೆ ಎಂದು ಕೆಲವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಸ್ವಲ್ಪ ತಾಳಿ.

ಈ ಸಾಹುಕಾರ ಶೋಕಿಗೆ ವಿಮಾನ ತಂದವನಲ್ಲ. ಕಲಿತು, ಪರೀಕ್ಷೆ ಕಟ್ಟಿ, ಲೈಸೆನ್ಸ್ ತೆಗೆದುಕೊಂಡು ತಾನೇ ಹಾರಿಸುತ್ತಿದ್ದ. ಹೇಗೆ ಹಾರಿಸುತ್ತಿದ್ದ? ನೋಡಿ, ಇದನ್ನು ಗಮನವಿಟ್ಟು ಕೇಳಬೇಕು. ಪ್ರತಿ ಸಲ ಏರುವ ಮೊದಲು ವಿಮಾನಕ್ಕೆ ಒಂದು ಸುತ್ತು ಬರುತ್ತಿದ್ದ. ಕೈಯಲ್ಲಿ ಒಂದು ಸಣ್ಣ ಪುಸ್ತಕ. ಏನೇನು ನೋಡಬೇಕು ಎಂಬುದು ಅದರಲ್ಲಿ ಸಾಲು ಸಾಲಾಗಿ ಬರೆದಿದೆ. ಓದುತ್ತಿದ್ದ, ನೋಡುತ್ತಿದ್ದ, ಮುಂದಿನ ಸಾಲಿಗೆ ಹೋಗುತ್ತಿದ್ದ. ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನಂಥ ಬಟ್ಟಲಿಗೆ ಇಳಿಸಿ ಬೆಳಕಿಗೆ ಹಿಡಿಯುತ್ತಿದ್ದ. ತಂಪಿಗೆ ಟ್ಯಾಂಕಿನೊಳಗೆ ನೀರು ಕೂಡಿರುತ್ತದೆ. ನೀರು ಭಾರ, ತಳದಲ್ಲಿ ಕೂತಿರುತ್ತದೆ. ಅದು ಎಂಜಿನ್ನಿಗೆ ಹೋದರೆ ಎಂಜಿನ್ ನಿಲ್ಲುತ್ತದೆ. ಎಣ್ಣೆ ನೋಡುತ್ತಿದ್ದ, ಗಾಲಿ ನೋಡುತ್ತಿದ್ದ, ರೆಕ್ಕೆಯ ತಿರುಪು ನೋಡುತ್ತಿದ್ದ. ಕೆಲಸವಿರಲಿ ಬಿಡಲಿ, ವಾರಕ್ಕೊಮ್ಮೆ ಹಾರಿಸುತ್ತಿದ್ದ. ನಿಲ್ಲಿಸಿಟ್ಟ ವಿಮಾನ ಒಳಗಿಂದೊಳಗೇ ತುಕ್ಕು ಹಿಡಿಯುತ್ತದೆ.

ಒಂಬತ್ತು ವರ್ಷ ಹೀಗೆ ನಡೆಯಿತು. ಒಂದು ಸಾಲೂ ತಪ್ಪಲಿಲ್ಲ.

ಆ ವರ್ಷ ಮಹಾನವಮಿ ಭಾನುವಾರ ಬಂತು. ಊರ ಹೊರಗಿನ ಅವನ ರನ್‌ವೇ ಪಕ್ಕದ ಶೆಡ್ಡಿನಲ್ಲಿ ಆಯುಧ ಪೂಜೆ. ಕಲ್ಲು ಕೊಯ್ಯುವ ಕಾರ್ಖಾನೆಯ ಜನ, ಬೀಗರು, ನೆಂಟರು ಸೇರಿ ನಲವತ್ತು ಮಂದಿ. ಜೊತೆಗೆ ಅವನ ತಾಯಿ. ಎಪ್ಪತ್ತಾರು ವರ್ಷದ ಆಕೆ ಅಲ್ಲಿಯವರೆಗೆ ಮಗನ ವಿಮಾನ ಹತ್ತಿರಲಿಲ್ಲ. ಆ ದಿನ ತಾನಾಗಿಯೇ ಹತ್ತುತ್ತೇನೆ ಎಂದಿದ್ದಳು. ಎರಡು ಹೊಳೆ ಕೂಡುವ ಜಾಗವನ್ನು ಮೇಲಿಂದ ನೋಡಬೇಕು, ಅಷ್ಟೇ ಅವಳ ಆಸೆ. ಇಪ್ಪತ್ತು ನಿಮಿಷದ ಹಾರಾಟ. ಸಾಹುಕಾರ ಫೋನಿನಲ್ಲಿ ಬೇಕಾದ ಅನುಮತಿಗಳನ್ನೆಲ್ಲ ಪಡೆದ. ಭಾನುವಾರ ನಾಲ್ಕೂವರೆಗೆ ರಾಹುಕಾಲ ಕೂಡುತ್ತದೆ; ಅದಕ್ಕೆ ಮೊದಲು ಏರಬೇಕೆಂದು ನಾಲ್ಕು ಗಂಟೆಗೆ ನಿಗದಿ ಮಾಡಿಕೊಂಡ.

ಬೆಳಿಗ್ಗೆ ಮೆಕ್ಯಾನಿಕ್ ವಿಮಾನ ತೊಳೆದು ಪೂರ್ತಿ ನೋಡಿದ. ಎಲ್ಲ ಸರಿ ಇತ್ತು. ಆಮೇಲೆ, ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ, ತನ್ನ ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನು ಒರೆಸಿ ಮಣೆಯ ಮೇಲೆ ಜೋಡಿಸಿದ. ಪೆಟ್ರೋಲ್ ನೋಡುವ ಬಟ್ಟಲನ್ನೂ ಇಟ್ಟ. ತಪಾಸಣೆಯ ಪುಸ್ತಕವನ್ನೂ ಇಟ್ಟ. ಅರಿಶಿನ, ಕುಂಕುಮ, ಹೂವು. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನ ಕದಲಿಸುವವರೆಗೆ ಮುಟ್ಟುವ ಹಾಗಿಲ್ಲ. ನಿಮ್ಮ ಮನೆಯಲ್ಲೂ ಅದೇ ಪದ್ಧತಿ ತಾನೆ?

ಎಡ ರೆಕ್ಕೆಯ ಕೆಳಗೆ ಬೆರಳು ಗಾತ್ರದ ಒಂದು ಕೊಳವೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರ ಬಾಯಿಗೆ ಗಾಳಿ ನುಗ್ಗುತ್ತದೆ. ಎಷ್ಟು ಜೋರಾಗಿ ನುಗ್ಗಿತು ಎಂಬುದರ ಮೇಲೆ ಪೈಲಟ್‌ನ ಎದುರಿನ ಮುಳ್ಳು ವೇಗ ತೋರಿಸುತ್ತದೆ. ಕುಂಬಾರ ಹುಳ ಅದರೊಳಗೆ ಮಣ್ಣು ಮೆತ್ತಿ ಗೂಡು ಕಟ್ಟಬಾರದೆಂದು, ವಿಮಾನ ನಿಂತಾಗ ಅದಕ್ಕೊಂದು ಕೆಂಪು ಬಟ್ಟೆಯ ಚೀಲ ತೊಡಿಸುತ್ತಾರೆ. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಆ ದಿನ ಚೀಲ ತೆಗೆದಿದ್ದರು.

ತಾಯಿ ಗಂಧದ ಬಟ್ಟಲು ಹಿಡಿದು ವಿಮಾನಕ್ಕೆ ಸುತ್ತು ಬರುತ್ತಿದ್ದಳು. ಕೊಳವೆಯ ಹತ್ತಿರ ನಿಂತು ಮಗನನ್ನು ಕೇಳಿದಳು:

“ಇದೇನಪಾ ಇದು, ಬೆರಳು ಮಾಡಿ ತೋರಿಸಿದಂಗ?”

“ಅದರಿಂದನ ವಿಮಾನಕ್ಕ ಗಾಳಿ ತಿಳಿತೈತವ್ವಾ. ಅದಿಲ್ಲಂದ್ರ ಏನೂ ಇಲ್ಲ.”

“ಅಂದ್ರ ಮೂಗು ಅನ್ನು.”

“ಮೂಗ ಅಂತ ತಿಳ್ಕೊ.”

ಅವನನ್ನು ಯಾರೋ ಕರೆದರು, ಹೋದ. ತಾಯಿ ಏನು ಮಾಡಿದಳು? ಮಗ ಎಲ್ಲಕ್ಕಿಂತ ಮುಖ್ಯ ಎಂದು ತೋರಿಸಿದ ಜಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಗಂಧ ಹಚ್ಚಿದಳು. ಕೊಳವೆಯ ಬಾಯಿಗೆ ದಪ್ಪಗೆ ಗಂಧ ಮೆತ್ತಿ, ಮೇಲೆ ಕುಂಕುಮವಿಟ್ಟು, ನಾಲ್ಕು ಕಾಳು ಅಕ್ಷತೆ ಅಂಟಿಸಿ ಕೈಮುಗಿದಳು. ಮಧ್ಯಾಹ್ನದ ಬಿಸಿಲಿಗೆ ಅದು ಒಣಗಿ ಬಿರಡೆಯ ಹಾಗೆ ಗಟ್ಟಿಯಾಯಿತು.

ಊಟವಾಯಿತು. ನಾಲ್ಕಕ್ಕೆ ಹತ್ತು ನಿಮಿಷ. ತಾಯಿಯನ್ನು ಹತ್ತಿಸಿ, ಬೆಲ್ಟು ಕಟ್ಟಿ, ಸಾಹುಕಾರ ಅಭ್ಯಾಸದಂತೆ ಪುಸ್ತಕಕ್ಕೆ ಕೈ ಚಾಚಿದ. ಅದು ಮಣೆಯ ಮೇಲಿತ್ತು. ಮೆಕ್ಯಾನಿಕ್ ಹತ್ತಿರ ಬಂದ.

“ಸಾವಕಾರ್ರ, ಪುಸ್ತಕ ಪೂಜಾದಾಗ ಐತ್ರಿ. ಇವತ್ತ ಕದಲ್ಸಾಕ ಬರಂಗಿಲ್ಲ. ನಾಳೆ ಮುಂಜಾನಿ ಹಾರಿದ್ರ ಆಗಂಗಿಲ್ಲೇನ್ರಿ?”

ಸಾಹುಕಾರ ಯೋಚಿಸಿದ. ನಿಜ ಹೇಳಬೇಕೆಂದರೆ, ಒಂದು ಗಳಿಗೆ ನಾಳೆಯೇ ಆಗಲಿ ಎಂದೂ ಅನ್ನಿಸಿತು. ಅಷ್ಟರಲ್ಲಿ ತಂಗಿಯ ಗಂಡ ನಗುತ್ತ ಕೂಗಿದ: “ಏನ್ ಮಾವಾ, ವಿಮಾನ ಬರೇ ಊದಿನಕಡ್ಡಿ ಹಚ್ಚಾಕ ತಂದೀಯೋ, ಹಾರಿಸ್ತೀಯೋ?” ಸುತ್ತ ನಿಂತವರು ನಕ್ಕರು. ಸಾಹುಕಾರ ಮೆಕ್ಯಾನಿಕ್ ಕಡೆ ತಿರುಗಿ, ಬೆಳಿಗ್ಗೆ ನೀನೇ ನೋಡಿದ್ದೀಯಲ್ಲ, ಪುಸ್ತಕ ನನಗೆ ಬಾಯಿಪಾಠ ಎಂದ. ನೋಡಿದ್ದು ಪೂಜೆಗಿಂತ ಮೊದಲು ಎಂದು ಮೆಕ್ಯಾನಿಕ್ ಮೆಲ್ಲಗೆ ಹೇಳಿದ. ಅದನ್ನು ಕೇಳಲು ಸಾಹುಕಾರ ನಿಲ್ಲಲಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು.

ಈಗ ಕೇಳಿ. ಅವನಿಗೆ ದೇವರು ಇನ್ನೊಂದು ಅವಕಾಶ ಕೊಟ್ಟ. ಈ ವಿಮಾನ ನೆಲ ಬಿಡಬೇಕಾದರೆ ಗಂಟೆಗೆ ಸುಮಾರು ನೂರು ಕಿಲೋಮೀಟರ್ ವೇಗ ಬೇಕು. ಓಟದ ಆರಂಭದಲ್ಲೇ ವೇಗದ ಮುಳ್ಳು ಏಳಬೇಕು. ಏಳದಿದ್ದರೆ ಎಂಜಿನ್ನಿನ ಶಕ್ತಿ ಇಳಿಸಿ, ಬ್ರೇಕ್ ಒತ್ತಿ ನಿಲ್ಲಿಸು; ಇದು ಮೊದಲ ವಾರ ಕಲಿಸುವ ಪಾಠ. ವಿಮಾನ ಓಡಿತು. ಮುಳ್ಳು ಏಳಲಿಲ್ಲ. ಮುಂದೆ ಸಾವಿರ ಮೀಟರಿಗೂ ಹೆಚ್ಚು ರನ್‌ವೇ ಇತ್ತು, ನಿಲ್ಲಿಸಲು ಬೇಕಾದಷ್ಟು ಜಾಗ. ಮುಳ್ಳು ಸೊನ್ನೆಯ ಮೇಲೆ ಮಲಗಿದ್ದನ್ನು ಅವನು ಕಂಡ. ಕಾಣಲಿಲ್ಲ ಎಂದು ಹೇಳುವ ಹಾಗಿಲ್ಲ, ಕಂಡ.

ಕಂಡವನು ಏಕೆ ನಿಲ್ಲಿಸಲಿಲ್ಲ? ಪೂಜೆ ಮಾಡಿದ ಗಾಡಿ ನಡುದಾರಿಯಲ್ಲಿ ನಿಂತರೆ ಅಪಶಕುನ ಎನ್ನುತ್ತಾರೆ. ನಲವತ್ತು ಜನ ಮೊಬೈಲ್ ಹಿಡಿದು ನಿಂತಿದ್ದಾರೆ. ತಂಗಿಯ ಗಂಡ ವರ್ಷವಿಡೀ ಆಡಿಕೊಳ್ಳುತ್ತಾನೆ. ಮುಳ್ಳು ಇನ್ನೇನು ಏಳಬಹುದು. ಇಷ್ಟೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕಾಯಿತು? ನಾಲ್ಕು ಸೆಕೆಂಡ್. ಐದನೆಯ ಸೆಕೆಂಡಿಗೆ ವಿಮಾನ ನೆಲ ಬಿಟ್ಟಿತ್ತು.

ಮೇಲೆ ಹೋದ ಮೇಲೆ ತಿಳಿಯಿತು, ಅವನು ತಾಯಿಯನ್ನು ಎಲ್ಲಿಗೆ ತಂದು ಕೂರಿಸಿದ್ದಾನೆಂದು. ವೇಗ ತೀರ ಕಡಿಮೆಯಾದರೆ ರೆಕ್ಕೆ ಭಾರ ಹೊರುವುದಿಲ್ಲ, ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ವೇಗ ಹೆಚ್ಚಾದರೆ ನೆಲ ಮುಟ್ಟುವುದಿಲ್ಲ, ಮುಟ್ಟಿದರೂ ನಿಲ್ಲುವುದಿಲ್ಲ. ಎಷ್ಟು ವೇಗದಲ್ಲಿದ್ದೇನೆ ಎಂಬುದೇ ಗೊತ್ತಿಲ್ಲದೆ ಅವನು ಇಳಿಯಬೇಕಾಗಿತ್ತು.

ಅಷ್ಟರಲ್ಲಿ ಪಕ್ಕದಿಂದ ತಾಯಿ ಕೇಳಿದಳು: “ಉಳಿದವೆಲ್ಲ ಆಡಾಕತ್ತಾವು. ಇದೊಂದು ಮುಳ್ಳು ಯಾಕಪಾ ಮಲಗೇತಿ?”

“ಅದು ಕೆಟ್ಟೈತವ್ವಾ. ಹೊಳಿ ಇವತ್ತ ಬ್ಯಾಡ, ಇಳಿಯೂಣು. ಇಳಿಯೂತನ ನನ್ನ ಮಾತಾಡಸಬ್ಯಾಡ.”

“ಆತು. ನೀ ನಿನ್ನ ಕೆಲಸ ನೋಡು.”

ಅಷ್ಟು ಹೇಳಿ ಆಕೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು.

ಕಲಿಯುವಾಗ ಅವನ ಗುರು ವೇಗದ ಮುಳ್ಳಿಗೆ ಕಾಗದ ಅಂಟಿಸಿ ಐದು ಸಲ ಇಳಿಸಿದ್ದರು. ಎಂಜಿನ್ ಇಷ್ಟು, ವಿಮಾನದ ಮುಂಭಾಗ ದಿಗಂತಕ್ಕಿಂತ ಇಷ್ಟು ಕೆಳಗೆ. ಇವೆರಡನ್ನೂ ಹಿಡಿದಿಟ್ಟರೆ ವೇಗ ತಾನಾಗಿ ಸರಿ ಇರುತ್ತದೆ ಎಂದು ಹೇಳಿಕೊಟ್ಟಿದ್ದರು. ವರ್ಷಕ್ಕೊಮ್ಮೆಯಾದರೂ ಹೀಗೆ ಇಳಿಸಿ ನೋಡು ಎಂದೂ ಹೇಳಿದ್ದರು. ಅವನು ನೋಡಿರಲಿಲ್ಲ. ಒಂಬತ್ತು ವರ್ಷದ ಹಿಂದಿನ ಪಾಠವನ್ನು ಈಗ ನೆನಪಿನಿಂದ ಎಳೆದು ತೆಗೆದ. ದೊಡ್ಡದಾಗಿ ಒಂದು ಸುತ್ತು ಬಂದು ರನ್‌ವೇಗೆ ನೇರವಾದ. ಬಿದ್ದೇವೆಂಬ ಭಯಕ್ಕೆ ಎಂಜಿನ್ನನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಇಟ್ಟ. ಹಾಗಾಗಿ ವಿಮಾನ ಬೀಳಲಿಲ್ಲ. ಅರ್ಧ ರನ್‌ವೇ ದಾಟಿದರೂ ನೆಲವನ್ನೂ ಮುಟ್ಟಲಿಲ್ಲ. ಮುಟ್ಟಿದ ಮೇಲೆ ಬ್ರೇಕ್ ಸಾಲಲಿಲ್ಲ. ರನ್‌ವೇ ಮುಗಿಯಿತು, ತೊಗರಿ ಹೊಲ ಬಂತು, ಹೊಲದ ಒಡ್ಡಿಗೆ ಮುಂದಿನ ಗಾಲಿ ಬಡಿದು ಮುರಿಯಿತು. ಪ್ರೊಪೆಲ್ಲರ್ ಮಣ್ಣಿಗೆ ತಾಗಿ ಎಂಜಿನ್ ನಿಂತಿತು.

ಅವನು ಪೆಟ್ರೋಲ್ ಬಂದ್ ಮಾಡಿ, ಬೆಲ್ಟು ಬಿಚ್ಚಿ, ತಾಯಿಯನ್ನು ಎತ್ತಿ ದೂರ ತಂದು ಕೂರಿಸಿದ. ಆಕೆಯ ಎಡ ಮುಂಗೈ ಮೂಳೆ ಮುರಿದಿತ್ತು. ಬಳೆ ಒಡೆದು ರಕ್ತ ಬರುತ್ತಿತ್ತು. ಉಸಿರು ಚೆನ್ನಾಗಿತ್ತು, ಮಾತು ಚೆನ್ನಾಗಿತ್ತು.

ಜನ ಓಡಿ ಬಂದರು. ದೇವಿ ಕಾಪಾಡಿದಳು ಎಂದರು. ಮೆಕ್ಯಾನಿಕ್ ಮಾತ್ರ ನೇರವಾಗಿ ಎಡ ರೆಕ್ಕೆಯ ಕೆಳಗೆ ಹೋದ. ಅಂಗಿಯಲ್ಲಿದ್ದ ಪಿನ್ನಿನಿಂದ ಕೊಳವೆಯ ಬಾಯಿ ಕೆದಕಿದ. ಹೆಬ್ಬೆರಳ ಉಗುರಿನಷ್ಟು ಒಣಗಿದ ಗಂಧ, ಅದರಲ್ಲಿ ಎರಡು ಕಾಳು ಅಕ್ಕಿ, ಅಂಗೈಗೆ ಬಿತ್ತು. ತಂದು ಸಾಹುಕಾರನಿಗೆ ತೋರಿಸಿದ. ತಾಯಿಯೂ ನೋಡಿದಳು.

“ನಾ ಹಚ್ಚಿದ್ದು,” ಎಂದಳು.

ಮಗ ಹೇಳಿದ: “ನೀ ಹಚ್ಚಿದ್ದಕ್ಕ ಅಲ್ಲವ್ವಾ. ನಾ ನೋಡ್ಲಾರದ್ದಕ್ಕ.”

ಅಧಿಕಾರಿಗಳಿಗೆ ಬರೆದುಕೊಟ್ಟ ಕಾಗದದಲ್ಲೂ ಅವನು ಅಷ್ಟನ್ನೇ ಬರೆದ. ಪೂಜೆಯ ನಂತರ ನಾನು ವಿಮಾನ ಸುತ್ತಿ ನೋಡಲಿಲ್ಲ. ಓಡುವಾಗ ಮುಳ್ಳು ಏಳದ್ದನ್ನು ಕಂಡೂ ನಿಲ್ಲಿಸಲಿಲ್ಲ. ತಾಯಿಯ ಹೆಸರು, ಮೆಕ್ಯಾನಿಕ್ ಹೆಸರು ಅದರಲ್ಲಿ ಇರಲಿಲ್ಲ. ಮರುವರ್ಷದ ನವಮಿಗೂ ಪೂಜೆ ನಡೆಯಿತು. ಮೆಕ್ಯಾನಿಕ್ ಪದ್ಧತಿಯಂತೆ ಪುಸ್ತಕವನ್ನು ಮಣೆಯ ಮೇಲಿಟ್ಟಾಗ ಆ ತಾಯಿಯೇ ಅದನ್ನು ಎತ್ತಿ ತಿರುಗಿ ಅವನ ಕೈಗೇ ಕೊಟ್ಟಳು. “ಇದು ಇಡೂ ವಸ್ತು ಅಲ್ಲಪಾ, ಹಿಡಿಯೂ ವಸ್ತು,” ಎಂದಳು.

ಕಥೆ ಇಷ್ಟೇ. ಈಗ ನಿಮ್ಮ ಕಡೆ ಬರೋಣ.

ನಿಮ್ಮಲ್ಲಿ ಯಾರ ಹತ್ತಿರವೂ ವಿಮಾನವಿಲ್ಲ, ಸರಿ. ಸಕ್ಕರೆ ಕಾಯಿಲೆ ಎಷ್ಟು ಜನಕ್ಕಿದೆ? ರಕ್ತ ಪರೀಕ್ಷೆಯ ಕಾಗದ ಎಲ್ಲಿದೆ? ದೇವರ ಕೋಣೆಯಲ್ಲಿ, ಪಟದ ಹಿಂದೆ. ಓದಿದಿರಾ? ಇಲ್ಲ. ಅಲ್ಲಿಟ್ಟಿದ್ದೀರಿ, ಅಷ್ಟೇ. ಗ್ಯಾಸ್ ಒಲೆಗೆ ಪ್ರತಿ ಶುಕ್ರವಾರ ಕುಂಕುಮ ಇಡುತ್ತೀರಿ; ಒಲೆಯ ಹಿಂದಿನ ರಬ್ಬರ್ ಪೈಪ್ ಯಾವ ವರ್ಷದ್ದು, ಗೊತ್ತಿದೆಯೆ? ಸೊಸೆಯನ್ನು ಮನೆಯ ಲಕ್ಷ್ಮಿ ಎನ್ನುತ್ತೀರಿ. ಅವಳು ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಬಾಯಿ ತೆರೆದರೆ ಸುಮ್ಮನಿರು ಎನ್ನುತ್ತೀರಿ. ನೋಡಿ, ನಮಗೆ ಸತ್ಯ ಹೇಳಲು ಇರುವ ವಸ್ತುಗಳೂ ಇವೆ, ಮನುಷ್ಯರೂ ಇದ್ದಾರೆ. ಅವರಿಗೆ ನಾವು ಮಾಡುವ ಮರ್ಯಾದೆ ಹೆಚ್ಚಾಗಿ ಅವರ ಬಾಯಿ ಮುಚ್ಚುವ ಮರ್ಯಾದೆ.

ಪೂಜೆ ಬಿಡಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಪೂಜೆ ಮಾಡಿ. ಮಾಡಿದ ಮೇಲೆ ಒರೆಸಿ. ಒರೆಸಿದ ಮೇಲೆ ನೋಡಿ. ನಿನ್ನೆ ನೋಡಿದ್ದೆ ಎಂಬುದು ಲೆಕ್ಕಕ್ಕಿಲ್ಲ, ಬೆಳಿಗ್ಗೆ ಬೇರೆಯವರು ನೋಡಿದ್ದರು ಎಂಬುದೂ ಲೆಕ್ಕಕ್ಕಿಲ್ಲ. ಹೊರಡುವವರು ನೀವು, ಹೊರಡುವ ಮೊದಲು ನೋಡಬೇಕಾದವರೂ ನೀವೇ. ಹೊರಟ ಮೇಲೆ ಏನೋ ಸರಿಯಿಲ್ಲ ಎಂದು ಕಂಡರೆ ಅಲ್ಲೇ ನಿಲ್ಲಿಸಿ. ನಾಲ್ಕು ಜನ ನಗುತ್ತಾರೆ, ನಗಲಿ. ಅವರು ಮನೆಗೆ ಹೋಗಿ ಮರೆಯುತ್ತಾರೆ. ಪಕ್ಕದಲ್ಲಿ ಕೂತವರು ನಿಮ್ಮನ್ನು ನಂಬಿ ಕೂತಿರುತ್ತಾರೆ.

ಹೊರಗೆ ಅಂಗಳದಲ್ಲಿ ಇನ್ನೂರು ಬೈಕುಗಳು ನಿಂತಿವೆ. ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಹೋಗುವವರು ನೀವು. ಒಬ್ಬರು ಬ್ರೇಕ್ ಒತ್ತಿ, ಇನ್ನೊಬ್ಬರು ಹಿಂದೆ ನಿಂತು ಕೆಂಪು ದೀಪ ಹತ್ತುತ್ತದೆಯೋ ನೋಡಿ. ಹತ್ತದಿದ್ದರೆ ಗಾಡಿ ಇಲ್ಲೇ ಇರಲಿ, ಬಸ್ಸಿನಲ್ಲಿ ಹೋಗಿ. ಪ್ರಸಾದ ಅದಾದ ಮೇಲೆ ಕೊಡುತ್ತಾರೆ. ಈಗ ಏಳಿ.