ನಾಲ್ಕನೆಯ ಹೆಣ್ಣಿನ ಹೆಸರು

ನ್ಯೇರಿ ಪಟ್ಟಣದ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಕ್ಕತಂಗಿಯರಿಬ್ಬರು ವೈದ್ಯರ ಕರೆಗಾಗಿ ಕಾಯುತ್ತಿದ್ದರು. ಅಕ್ಕ ವಾಮುಯುವಿಗೆ ಮಕ್ಕಳಿರಲಿಲ್ಲ. ತಂಗಿ ಗಥೋನಿ ತುಂಬುಗರ್ಭಿಣಿ.

“ಎರಡು ಥರದ ಮಾಂಸ ಬೆರೆತಿರೋ ಗಡ್ಡೆಯಂತೆ ಕಣೇ, ಅಪರೂಪದ ಕ್ಯಾನ್ಸರ್. ಗರ್ಭಕೋಶಾನೇ ತೆಗೀಬೇಕಂತೆ,” ಎಂದಳು ಅಕ್ಕ.

“ತೆಗೆಸ್ಕೋ ಅಕ್ಕ. ಇವತ್ತೇ ಉತ್ತರ ಕೇಳ್ತಾರೆ.”

“ಒಂದು ವರ್ಷ ತಡೀರಿ ಅಂತೀನಿ. ಒಂದೇ ಒಂದು ಮಗು ಆಗ್ಲಿ.”

“ಅಷ್ಟರಲ್ಲಿ ಗಡ್ಡೆ ಸುಮ್ನಿರತ್ತಾ?”

“ಮಕ್ಕಳೇ ಇಲ್ದಿದ್ರೆ ನನ್ನ ಹೆಸರಿಡೋಕೆ ಮೊಮ್ಮಗಳು ಎಲ್ಲಿಂದ ಬರ್ತಾಳೆ?”

“ಇದು ಹೆಣ್ಣಾದ್ರೆ ನಿನ್ನ ಹೆಸರೇ ಇಡ್ತೀನಿ.”

“ಸುಳ್ಳಿ! ಮೊದಲನೇ ಹೆಣ್ಣಿಗೆ ನಿಮ್ಮತ್ತೆ ಹೆಸರಾಯ್ತು, ಎರಡನೇದಕ್ಕೆ ನಮ್ಮಮ್ಮಂದು. ನಮ್ಮ ಪದ್ಧತಿಲಿ ಮೂರನೇದು ನಿನ್ನ ನಾದಿನಿಯ ಸರದಿ. ಆಮೇಲಲ್ವಾ ನಾನು? ಅವಳು ಬಿಟ್ಟುಕೊಡ್ತಾಳಾ?”

“ಅವಳಾ? ಸತ್ರೂ ಬಿಡಲ್ಲ. ಹಾಗಾದ್ರೆ ನಾಲ್ಕನೇದನ್ನೂ ಹೆರ್ತೀನಿ.”

“ಈ ಸೊಂಟನೋವು ಇಟ್ಕೊಂಡಾ?”

“ಸೊಂಟ ನಂದು, ನೋಡ್ಕೋತೀನಿ. ಎತ್ಕೊಳ್ಳೋಕೆ ನೀನಿರ್ಬೇಕು, ಅಷ್ಟೇ.”

ವಾಮುಯು ತಂಗಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟಳು. ಅಷ್ಟರಲ್ಲಿ ನರ್ಸ್ ಬಾಗಿಲಲ್ಲಿ ನಿಂತು ಅವಳನ್ನು ಕರೆದಳು.

“ನೀನೂ ಬಾರೇ ಒಳಗೆ,” ಎಂದಳು ವಾಮುಯು.

“ನಾನ್ಯಾಕೆ?”

“ತೆಗೀರಿ ಅಂತ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ.”

ಗಥೋನಿ ಅಕ್ಕನ ಹೆಗಲು ಹಿಡಿದು ಎದ್ದಳು. ಇಬ್ಬರೂ ಒಳಗೆ ಹೋದರು.